ಒಂದೇ ಕೋಳಿಯನ್ನು ಹಿಡಿದು ಎಲ್ಲವೂ ಕುಕ್ಕುತ್ತಿವೆ, ರಕ್ತ ಬರ್ತಿದೆ. ಏನು ಮಾಡಲಿ?

ಹಿತ್ತಲಬಾಗಿಲು (ಕೆ.ಆರ್. ನಗರ ಹತ್ತಿರ)
ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ 14 ಕೋಳಿ ಇವೆ. ಒಂದು ಹುಂಜ, ಎಂಟು ನಾಟಿ ಹೇಟೆ, ಐದು ಸ್ವರ್ಣಧಾರಾ ತಳಿಯ ಹೇಟೆ. ಎಲ್ಲವೂ ಮರಿಯಿಂದ ಒಟ್ಟಿಗೇ ಬೆಳೆದವು. ಹೊರಗಿನಿಂದ ತಂದು ಸೇರಿಸಿದ್ದು ಒಂದೂ ಇಲ್ಲ. ಸಣ್ಣಪುಟ್ಟ ಜಗಳ ಬಿಟ್ಟರೆ ಇಷ್ಟು ದಿನ ತೊಂದರೆ ಇರಲಿಲ್ಲ.

ಈಚೆಗೆ ಒಂದು ಕಪ್ಪು ನಾಟಿ ಹೇಟೆಯನ್ನು ಉಳಿದವೆಲ್ಲ ಅಟ್ಟಿಸಿಕೊಂಡು ಹೋಗಿ ಕುಕ್ಕುತ್ತಿವೆ. ಬಾಲದ ಬುಡದಲ್ಲಿ ಅಂಗೈ ಅಗಲ ಬೋಳಾಗಿದೆ. ನಿನ್ನೆ ರಕ್ತವೂ ಬಂದಿತ್ತು, ಅರಿಶಿನ ಹಚ್ಚಿದೆ. ಕಾಳು ಹಾಕಿದರೆ ಹತ್ತಿರ ಬರುವುದಿಲ್ಲ, ಮೂಲೆಯಲ್ಲಿ ನಿಂತು ನೋಡುತ್ತದೆ. ರಾತ್ರಿ ಕೋಲಿನ ಮೇಲೆ ಕೂರಲೂ ಬಿಡುವುದಿಲ್ಲ. ಎಲ್ಲದಕ್ಕೂ ಮುಂದಾಳು ಒಂದು ದೊಡ್ಡ ಸ್ವರ್ಣಧಾರಾ.

ಅತ್ತೆ, "ಆ ಪೋಕರಿಯನ್ನೇ ಭಾನುವಾರ ಸಾರು ಮಾಡಿಬಿಡೋಣ" ಅನ್ನುತ್ತಾರೆ. ಪಕ್ಕದ ಮನೆಯವರು "ಎಲ್ಲದರ ಕೊಕ್ಕು ಸುಡಿಸಿ" ಅನ್ನುತ್ತಾರೆ. ನನಗೆ ಎರಡೂ ಮನಸ್ಸಿಗೆ ಬರುತ್ತಿಲ್ಲ. ಆ ಕಪ್ಪು ಕೋಳಿಯ ಮುಖ ನೋಡಿದರೆ ಹೊಟ್ಟೆ ಉರಿಯುತ್ತದೆ. ಗೊತ್ತಿರುವವರು ಹೇಳಿ.

ಮುದ್ದೆಸಾರು
ಅತ್ತೆ ಹೇಳಿದ್ದೇ ಸರಿ. ಒಂದಕ್ಕೆ ಕೆಟ್ಟ ಚಾಳಿ ಬಂದರೆ ಮಿಕ್ಕವೂ ಕಲಿಯುತ್ತವೆ. ಭಾನುವಾರದವರೆಗೂ ಯಾಕೆ ಕಾಯ್ತೀರಾ?

ಸೋಗೆಮನೆ (ತೀರ್ಥಹಳ್ಳಿ)
ಸ್ವಲ್ಪ ತಡೀರಿ. ಅಕ್ಕಾ, ಮೊದಲು ಗಾಯದ ಕೋಳಿಯನ್ನು ಇವತ್ತೇ ಬೇರೆ ಮಾಡಿ. ನಾಳೆ ಅನ್ನಬೇಡಿ. ಕೋಳಿಗಳಿಗೆ ಕೆಂಪು ಕಂಡರೆ ತಡೆಯುವುದಿಲ್ಲ. ಒಂದು ಹನಿ ರಕ್ತ ಸಾಕು, ಇಲ್ಲಿವರೆಗೂ ಸುಮ್ಮನಿದ್ದ ಕೋಳಿಯೂ ಬಂದು ಕುಕ್ಕುತ್ತದೆ. ಸಂಜೆಯೊಳಗೆ ಕರುಳು ಎಳೆದು ಸಾಯಿಸಿದ್ದನ್ನು ನಮ್ಮ ಕಡೆ ನೋಡಿದ್ದೇವೆ.

ಆಮೇಲೆ ಇಷ್ಟು ಹೇಳಿ. ಗೂಡು ಎಷ್ಟು ದೊಡ್ಡದು? ಹಗಲು ಹೊರಗೆ ಬಿಡ್ತೀರಾ? ಏನು ತಿನ್ನಿಸ್ತೀರಾ? ರಾತ್ರಿ ಗೂಡಲ್ಲಿ ದೀಪ ಇದೆಯಾ? ಇದು ತಿಳಿಯದೆ ಯಾರು ಏನು ಹೇಳಿದರೂ ಸುಮ್ನೆ ಊಹೆ.

ಬೆಳವಲದ ಗಾಳಿ
ಹೇನು ಇದೆಯಾ ನೋಡ್ರಿ ಮೊದಲು. ರಾತ್ರಿ ಟಾರ್ಚ್ ಹಿಡಿದು ರೆಕ್ಕೆ ಕೆಳಗೆ, ಗುದದ ಸುತ್ತ ಪುಕ್ಕ ಬಿಡಿಸಿ ನೋಡಿ. ಕೂರುವ ಕೋಲಿನ ಸಂದಿಯಲ್ಲೂ ಬೆರಳಾಡಿಸಿ. ಕೆಂಪು ನುಸಿ ಹಗಲು ಆ ಸಂದಿಯಲ್ಲಿ ಅಡಗಿರುತ್ತವೆ, ರಾತ್ರಿ ಬಂದು ರಕ್ತ ಹೀರುತ್ತವೆ. ಕಡಿತ ತಾಳದೆ ಕೋಳಿ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ, ಬೋಳು ಜಾಗ ಕಂಡ ಕೂಡಲೇ ಉಳಿದವು ಶುರು ಮಾಡುತ್ತವೆ.

ಗಿರಿರಾಜ ಅಭಿಮಾನಿ
ಹುಂಜದ ಕೆಲಸ ಇರಬಹುದಲ್ವಾ? ನಮ್ಮಲ್ಲಿ ಒಂದು ಹೇಟೆಗೆ ಹೀಗೇ ಬೋಳಾಗಿತ್ತು. ಹುಂಜ ಸದಾ ಅದರ ಮೇಲೇ ಏರುತ್ತಿತ್ತು.

ಸೋಗೆಮನೆ
ಹುಂಜ ಏರಿ ಆದ ಬೋಳು ಬೆನ್ನಿನ ನಡುವೆ, ರೆಕ್ಕೆಯ ಬುಡದಲ್ಲಿ, ತಲೆಯ ಹಿಂದೆ ಇರುತ್ತದೆ. ಪುಕ್ಕ ಮುರಿದು ಕಡ್ಡಿ ಉಳಿದಿರುತ್ತದೆ. ಬಾಲದ ಬುಡ ಅಂದರೆ ಹೇಟೆಗಳದ್ದೇ ಕೆಲಸ. 13 ಹೇಟೆಗೆ ಒಂದು ಹುಂಜ ಅಂದರೆ ಜಾಸ್ತಿಯೂ ಅಲ್ಲ. ಎಂಟು ಹತ್ತು ಹೇಟೆಗೆ ಒಂದು ಅಂತಲೇ ಲೆಕ್ಕ.

ಹಿತ್ತಲಬಾಗಿಲು
ಕಪ್ಪಿಯನ್ನು ತೆಗೆದು ಅಡುಗೆಮನೆ ಪಕ್ಕ ಮಂಕರಿ ಕೆಳಗೆ ಇಟ್ಟಿದ್ದೇನೆ. ಹೇನು ನೋಡಿದೆ, ಕಾಣಲಿಲ್ಲ. ಪುಕ್ಕ ಬುಡಸಮೇತ ಹೋಗಿದೆ, ಕಡ್ಡಿ ಉಳಿದಿಲ್ಲ.

ಗೂಡು 6 ಅಡಿ, 5 ಅಡಿ. ಮೊದಲು ಬೆಳಿಗ್ಗೆ ಬಿಟ್ಟರೆ ಸಂಜೆವರೆಗೂ ಹೊರಗೇ ಇರುತ್ತಿದ್ದವು, ತಿಪ್ಪೆ ಕೆದರುತ್ತಿದ್ದವು. ಪಕ್ಕದವರು ಸೊಪ್ಪಿನ ಮಡಿ ಮಾಡಿದ ಮೇಲೆ ದಿನವೂ ದೂರು. ಅವರು ಹೇಳಿದ್ದರಲ್ಲೂ ನ್ಯಾಯ ಇದೆ, ಮೊಳಕೆಯನ್ನೆಲ್ಲ ಕೆದರಿ ಹಾಕುತ್ತಿದ್ದವು. ಅಂದಿನಿಂದ ಹಗಲೂ ಗೂಡಲ್ಲೇ ಕೂಡಿದ್ದೇವೆ, ಸಂಜೆ ಮಾತ್ರ ಸ್ವಲ್ಪ ಹೊತ್ತು ಬಿಡುತ್ತೇವೆ. ತಿನ್ನಲು ರಾಗಿ, ಅಕ್ಕಿ ನುಚ್ಚು, ಉಳಿದ ಅನ್ನ. ಮುಂಗುಸಿ ಕಾಟ ಅಂತ ಮನೆಯವರು ಗೂಡಿಗೆ ಎಲ್‌ಇಡಿ ಬಲ್ಬ್ ಹಾಕಿದ್ದಾರೆ, ಬೆಳಗಿನವರೆಗೂ ಉರಿಯುತ್ತದೆ.

ಸೋಗೆಮನೆ
ಸಿಕ್ಕಿತು ನೋಡಿ. ಆ ಸ್ವರ್ಣಧಾರಾ ಮೇಲೆ ಸಿಟ್ಟಾಗಬೇಡಿ.

ಕೊಟ್ಟಿಗೆ ಡಾಕ್ಟರ್
ನಾನು ಪಶುವೈದ್ಯ, ಹಾಸನ ಕಡೆ ಕೆಲಸ. ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಗೂಡಿನ ನೆಲದಲ್ಲಿ ಪುಕ್ಕ ಬಿದ್ದಿದೆಯಾ?

ಹಿತ್ತಲಬಾಗಿಲು
ಡಾಕ್ಟ್ರೇ, ಈಗಷ್ಟೇ ಹೋಗಿ ನೋಡಿ ಬಂದೆ. ಅಷ್ಟು ಬೋಳಾಗಿದ್ದರೂ ನೆಲದಲ್ಲಿ ನಾಲ್ಕು ಪುಕ್ಕವೂ ಇಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದೆ. ಆ ದೊಡ್ಡದು ಒಂದು ಬಿಳಿ ಹೇಟೆಯ ಹಿಂದೆ ಹೋಗಿ ಬಾಲದ ಬುಡದಿಂದ ಒಂದು ಪುಕ್ಕ ಕಿತ್ತಿತು. ಬಾಯಲ್ಲಿ ಹಿಡಿದು ಓಡಿತು. ಇನ್ನೆರಡು ಅದರ ಹಿಂದೆ ಓಡಿದವು. ಗೋಡೆ ಪಕ್ಕ ನಿಂತು ಕತ್ತು ಮೇಲೆ ಕೆಳಗೆ ಮಾಡಿ ನುಂಗಿಬಿಟ್ಟಿತು!

ಕೊಟ್ಟಿಗೆ ಡಾಕ್ಟರ್
ಹಾಗಾದರೆ ಇದು ಬರೀ ದಾದಾಗಿರಿ ಅಲ್ಲ. ಎರಡು ಬೇರೆ ಬೇರೆ ವಿಷಯ ಇಲ್ಲಿ ಕೂಡಿಕೊಂಡಿವೆ.

ಮೇಲು ಕೀಳಿನ ಜಗಳ ಇದೆಯಲ್ಲ, ಅದು ಎಲ್ಲ ಹಿಂಡಲ್ಲೂ ಇರುತ್ತದೆ. ಯಾರು ಮೊದಲು ತಿನ್ನಬೇಕು, ಯಾರು ಮೇಲಿನ ಕೋಲಿನಲ್ಲಿ ಕೂರಬೇಕು ಅಂತ. ಅದರಲ್ಲಿ ತಲೆಗೆ, ಜುಟ್ಟಿಗೆ ಒಂದು ಏಟು ಬೀಳುತ್ತದೆ, ಕೆಳಗಿನ ಕೋಳಿ ದಾರಿ ಬಿಡುತ್ತದೆ, ಮುಗಿಯಿತು. ಪುಕ್ಕ ಕಿತ್ತು ತಿನ್ನುವುದು ಬೇರೆ. ಅದು ಮೇವು ಹುಡುಕುವ ಕೊಕ್ಕು ದಾರಿ ತಪ್ಪಿದ್ದು. ಹೊರಗೆ ಬಿಟ್ಟ ಕೋಳಿ ಹಗಲಿನ ಹೆಚ್ಚು ಹೊತ್ತು ಕೆದರುವುದು, ಕುಕ್ಕುವುದರಲ್ಲೇ ಕಳೆಯುತ್ತದೆ. ಹುಳ, ಗೆದ್ದಲು, ಹುಲ್ಲು, ಕಲ್ಲು, ಸಾವಿರ ಸಲ ಕುಕ್ಕುತ್ತದೆ. ಕೂಡಿಹಾಕಿ ಮುಂದೆ ರಾಗಿ ಸುರಿದರೆ ಅರ್ಧ ಗಂಟೆಯಲ್ಲಿ ಹೊಟ್ಟೆ ತುಂಬಿತು. ಉಳಿದ ಹೊತ್ತು ಕೊಕ್ಕಿಗೆ ಏನು ಕೆಲಸ? ಪಕ್ಕದ ಕೋಳಿಯ ಬಾಲವೇ ಸಿಕ್ಕುತ್ತದೆ.

ಇನ್ನು ಆಹಾರ. ಪುಕ್ಕ ಅಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನ್. ಮೊಟ್ಟೆ ಇಡುವ ಹೇಟೆಗೆ ಆಹಾರದಲ್ಲಿ 16ರಿಂದ 18% ಪ್ರೋಟೀನ್ ಬೇಕು. ರಾಗಿಯಲ್ಲಿ, ನುಚ್ಚಿನಲ್ಲಿ 7-8% ಇರುತ್ತದೆ. ಮೊದಲು ಆ ಕೊರತೆಯನ್ನು ತಿಪ್ಪೆಯ ಹುಳ ತುಂಬುತ್ತಿತ್ತು. ಈಗ ಹುಳ ಇಲ್ಲ. ಸ್ವರ್ಣಧಾರಾ ನಾಟಿಗಿಂತ ಜಾಸ್ತಿ ಮೊಟ್ಟೆ ಇಡಲೆಂದೇ ಬೆಳೆಸಿದ ತಳಿ, ಅದಕ್ಕೆ ಕೊರತೆ ಮೊದಲು ತಟ್ಟುತ್ತದೆ. ಅದಕ್ಕೇ ಅದು ಮುಂದಾಳು.

ಮುದ್ದೆಸಾರು
ಡಾಕ್ಟ್ರೇ, ಒಪ್ಪಿದೆ. ಆದರೆ ದೊಡ್ಡ ಫಾರಂಗಳಲ್ಲಿ ಕೊಕ್ಕು ಕತ್ತರಿಸುತ್ತಾರಲ್ಲ? ಸಾವಿರಾರು ಕೋಳಿ ಸಾಕುವವರಿಗೆ ಗೊತ್ತಿಲ್ಲದೆ ಇರುತ್ತಾ?

ಕೊಟ್ಟಿಗೆ ಡಾಕ್ಟರ್
ಅವರು ಮಾಡುವುದು ಮರಿ ವಾರ ಹತ್ತು ದಿನದ್ದಿರುವಾಗ, ಅದಕ್ಕೆಂದೇ ಇರುವ ಯಂತ್ರದಲ್ಲಿ, ಕೈ ಪಳಗಿದವರಿಂದ. ಒತ್ತಾಗಿ ಸಾಕುವ ಕಾರಣಕ್ಕೆ ಮಾಡುತ್ತಾರೆ. ಬೆಳೆದ ಕೋಳಿಯ ಕೊಕ್ಕನ್ನು ಮನೆಯಲ್ಲಿ ಕಾದ ಸೌಟಿನಿಂದ ಸುಡುವುದು ಶುದ್ಧ ಹಿಂಸೆ. ಕೊಕ್ಕಿನ ತುದಿ ನಮ್ಮ ಉಗುರಿನಂತೆ ಸತ್ತ ವಸ್ತು ಅಲ್ಲ. ಒಳಗೆ ಎಲುಬಿದೆ, ನರ ಇದೆ. ಕತ್ತರಿಸಿದ ಜಾಗದಲ್ಲಿ ನರ ಗಂಟಾಗಿ ನೋವು ಬಹಳ ಕಾಲ ಉಳಿಯಬಹುದು. ಆ ಕೋಳಿ ಹುಳ ಹಿಡಿಯಲಾರದು, ಹೇನು ಕೆರೆದುಕೊಳ್ಳಲಾರದು. ಹಿತ್ತಲಲ್ಲಿ 14 ಕೋಳಿ ಸಾಕುವವರಿಗೆ ಇದರ ಅಗತ್ಯವೇ ಇಲ್ಲ. ಜಾಗ, ಮೇವು, ಕತ್ತಲು ಕೊಡಿ.

ಮೇರಿಲ್ಯಾಂಡ್ ಮನೆ
ನಾವು ಅಮೆರಿಕದಲ್ಲಿ ಆರು ಹೇಟೆ ಸಾಕಿದ್ದೇವೆ. ಸದ್ದಿನ ದೂರು ಬರುತ್ತದೆ ಅಂತ ಹುಂಜ ಇಟ್ಟಿಲ್ಲ. ಇಲ್ಲಿ ಹಿಮ ಬಿದ್ದಾಗ ಹೊರಗೆ ಬಿಡಲಾಗದೆ ಇದೇ ಕಥೆ ಶುರುವಾಗುತ್ತದೆ. ಇಡೀ ಎಲೆಕೋಸಿಗೆ ತೂತು ಮಾಡಿ ದಾರ ಪೋಣಿಸಿ, ಕತ್ತು ಎತ್ತಿದರೆ ಎಟುಕುವ ಎತ್ತರಕ್ಕೆ ತೂಗುಹಾಕಿ. ಅದು ಅಲ್ಲಾಡುತ್ತದೆ, ಅವು ಹಾರಿ ಹಾರಿ ಕುಕ್ಕುತ್ತವೆ. ಅರ್ಧ ದಿನ ಅದರಲ್ಲೇ ಹೋಗುತ್ತದೆ.

ಇಲ್ಲಿ ಕೋಳಿ ಕನ್ನಡಕವೂ ಸಿಗುತ್ತದೆ. ಮೂಗಿನ ಹೊಳ್ಳೆಗೆ ಸಿಕ್ಕಿಸುವ ಪ್ಲಾಸ್ಟಿಕ್ಕು. ನೇರ ಮುಂದೆ ಕಾಣುವುದಿಲ್ಲ, ಪಕ್ಕ ಮತ್ತು ಕೆಳಗೆ ಕಾಣುತ್ತದೆ. ಗುರಿಯಿಟ್ಟು ಕುಕ್ಕಲು ಆಗುವುದಿಲ್ಲ. ಇದು ಹೊಸದೇನಲ್ಲ, 1903ರಲ್ಲೇ ಟೆನೆಸಿಯ ಒಬ್ಬರು ಕೋಳಿಯ ಕಣ್ಣು ಕಾಯುವ ಕನ್ನಡಕಕ್ಕೆ ಪೇಟೆಂಟ್ ಪಡೆದಿದ್ದರು.

ಗಿರಿರಾಜ ಅಭಿಮಾನಿ
ಕೋಳಿಗೆ ಕನ್ನಡಕವಾ! ಫೋಟೋ ಹಾಕಿ ದಯವಿಟ್ಟು.

ಸೋಗೆಮನೆ
ಮೂಗಿಗೆ ಸಿಕ್ಕಿಸುವುದು ನನಗೆ ಒಪ್ಪಿಗೆ ಇಲ್ಲ. ಮೂಗು ಹರಿದರೆ? ಎಲೆಕೋಸು ಸರಿ. ನಮ್ಮಲ್ಲಿ ನುಗ್ಗೆ ಸೊಪ್ಪು, ಹರಿವೆ ಕಟ್ಟು ಮಾಡಿ ಮೇಲಿಂದ ಕಟ್ಟುತ್ತೇವೆ. ಬಾಳೆದಿಂಡು ಸೀಳಿ ಹಾಕಿದರೂ ಬಿಡುವುದಿಲ್ಲ. ನಾರಿರುವ ತಿನಿಸು ಸಿಕ್ಕಿದರೆ ಪುಕ್ಕ ತಿನ್ನುವ ಚಪಲ ಕಡಿಮೆಯಾಗುತ್ತದೆ.

ಕಡಲಮನೆ (ಕುಂದಾಪುರ)
ಒಣ ಮೀನು ಹಾಕಿ ಮಾರಾಯ್ರೆ. ಮೀನಿನ ತಲೆ, ಬಾಲ ಬಿಸಾಡುವುದನ್ನೇ ಒಣಗಿಸಿ ಕುಟ್ಟಿ ಪುಡಿ ಮಾಡಿ ನುಚ್ಚಿಗೆ ಬೆರೆಸಿ. ಉಪ್ಪು ಹಾಕಿ ಒಣಗಿಸಿದ ಮೀನು ಬೇಡ. ಜಾಸ್ತಿಯೂ ಬೇಡ, ಮೊಟ್ಟೆ ಮೀನು ವಾಸನೆ ಬರುತ್ತದೆ.

ನಮ್ಮಲ್ಲಿ ಹುಂಜಗಳದ್ದೇ ಜಗಳ. ಕೋಳಿ ಅಂಕಕ್ಕೆ, ಅಂದರೆ ಹುಂಜಗಳ ಕಾಳಗಕ್ಕೆ ಅಂತ ಪಕ್ಕದವರು ಸಾಕಿದ್ದು ಬೇಲಿ ಹಾರಿ ಬಂದು ನಮ್ಮ ಹುಂಜದ ಕಣ್ಣು ತೆಗೆದಿತ್ತು.

ಮುದ್ದೆಸಾರು
ಅಂಕದ ಹುಂಜಕ್ಕೆ ಈಗ ಏನು ರೇಟ್ ಇದೆ ಅಲ್ಲಿ?

ನಿರ್ವಾಹಕ
ಕೋಳಿ ಅಂಕದ ಮಾತು ಇಲ್ಲಿಗೆ ನಿಲ್ಲಲಿ. ಪ್ರಾಣಿಗಳನ್ನು ಹೊಡೆದಾಡಲು ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಖರೀದಿ ವಿಚಾರಣೆ ಇಲ್ಲಿ ಬೇಡ. ಅಕ್ಕನ ಕೋಳಿಯ ವಿಷಯಕ್ಕೆ ಬನ್ನಿ.

ಹಿತ್ತಲಬಾಗಿಲು
ಅತ್ತೆಗೆ ಎಲ್ಲ ಓದಿ ಹೇಳಿದೆ. ಸಾರಿನ ಮಾತು ಸದ್ಯಕ್ಕೆ ನಿಂತಿದೆ. ಈಗ ಆ ದೊಡ್ಡದನ್ನು ಏನು ಮಾಡಲಿ? ಅದು ಗೂಡಲ್ಲೇ ಇದೆ, ಈಗ ಬಿಳಿಯ ಹಿಂದೆ ಬಿದ್ದಿದೆ.

ಸೋಗೆಮನೆ
ಅದನ್ನೂ ತೆಗೆಯಿರಿ. ಆದರೆ ಎರಡನ್ನೂ ಒಂದೇ ರೀತಿ ಇಡಬೇಡಿ. ಕಪ್ಪಿಯನ್ನು ಮಂಕರಿಯಲ್ಲಿ ಗೂಡಿನ ಪಕ್ಕವೇ ಇಡಿ. ಉಳಿದವು ಅವಳನ್ನು ನೋಡುತ್ತಿರಬೇಕು, ಮುಟ್ಟಬಾರದು. ಪೂರ್ತಿ ಕಣ್ಮರೆ ಮಾಡಿದರೆ ಮರೆತುಬಿಡುತ್ತವೆ, ವಾಪಸ್ ಬಿಟ್ಟಾಗ ಹೊಸಬಳು ಅಂತ ಮತ್ತೆ ಹೊಡೆಯುತ್ತವೆ. ದೊಡ್ಡದನ್ನು ಮಾತ್ರ ಕಣ್ಣಿಗೆ ಬೀಳದ ಜಾಗದಲ್ಲಿ ಇಡಿ. ಕೆಲವು ದಿನ ಕಳೆಯಲಿ. ಅಷ್ಟರಲ್ಲಿ ಹಿಂಡಿನಲ್ಲಿ ಅದರ ಜಾಗ ಬೇರೆಯವರ ಪಾಲಾಗಿರುತ್ತದೆ. ತಿರುಗಿ ಬಂದಾಗ ಕೆಳಗಿನಿಂದ ಶುರು ಮಾಡಬೇಕು.

ಬೆಳವಲದ ಗಾಳಿ
ಇದು ನಿಜ. ಹೊಡೆಸಿಕೊಂಡದ್ದನ್ನು ಮಾತ್ರ ತೆಗೆದರೆ ಹೊಡೆಯುವುದು ಇನ್ನೊಂದನ್ನು ಹುಡುಕುತ್ತದೆ. ಈಗ ಅದೇ ಆಗಿದೆಯಲ್ಲ.

ಗಿರಿರಾಜ ಅಭಿಮಾನಿ
ಕೋಳಿಗೆ ಅಷ್ಟೊಂದು ನೆನಪು ಇರುತ್ತಾ? ಯಾರು ಮೇಲೆ, ಯಾರು ಕೆಳಗೆ ಅಂತ?

ಮೇರಿಲ್ಯಾಂಡ್ ಮನೆ
ಇರುತ್ತದೆ. ನಾರ್ವೆಯ ಶೆಲ್ಡರಪ್ ಎಬ್ಬೆ ಅನ್ನುವ ವಿಜ್ಞಾನಿ ಹುಡುಗನಾಗಿದ್ದಾಗಿನಿಂದ ಕೋಳಿ ನೋಡುತ್ತಾ ಯಾವುದು ಯಾವುದನ್ನು ಕುಕ್ಕಿತು ಅಂತ ಬರೆದಿಡುತ್ತಿದ್ದರಂತೆ. 1920ರ ದಶಕದ ಶುರುವಿನಲ್ಲಿ ಈ ಮೇಲು ಕೀಳಿನ ಸಾಲನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಅವರೇ. ಒಂದೊಂದು ಕೋಳಿಯೂ ಉಳಿದವುಗಳ ಮುಖ, ಜುಟ್ಟು ಗುರುತಿಟ್ಟುಕೊಂಡಿರುತ್ತದೆ. ಸಾಲು ಒಮ್ಮೆ ಗಟ್ಟಿಯಾದರೆ ಜಗಳ ಕಡಿಮೆ. ಅದಕ್ಕೇ ಪದೇ ಪದೇ ಹೊಸ ಕೋಳಿ ತಂದು ಸೇರಿಸಬಾರದು ಅನ್ನುವುದು.

ಕೊಟ್ಟಿಗೆ ಡಾಕ್ಟರ್
ಗಾಯದ ಬಗ್ಗೆ ಯಾರೂ ಹೇಳಲಿಲ್ಲ. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ. ಅರಿಶಿನ ಬೇವಿನೆಣ್ಣೆ ಕಲಸಿ ಹಚ್ಚಿದರೆ ನೊಣ ಕೂರುವುದು ಕಡಿಮೆಯಾಗುತ್ತದೆ. ದಿನಕ್ಕೆ ಎರಡು ಸಲ ನೋಡಲೇಬೇಕು. ಮಳೆಗಾಲದಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ. ಗಾಯ ಆಳವಾಗಿದ್ದರೆ, ಕೆಟ್ಟ ವಾಸನೆ ಬಂದರೆ ಹತ್ತಿರದ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.

ಜುಟ್ಟಿನ ಮೇಲೆ, ಕಣ್ಣಿನ ಸುತ್ತ ಕಪ್ಪು ಹಕ್ಕಳೆ ಇದ್ದರೆ ಅದು ಕುಕ್ಕಿದ್ದಲ್ಲ, ಕೋಳಿ ಸಿಡುಬು ಇರಬಹುದು. ಸೊಳ್ಳೆಯಿಂದ ಹರಡುತ್ತದೆ. ತುಂಬಾ ಜನ ಜಗಳದ ಗಾಯ ಅಂದುಕೊಂಡು ಸುಮ್ಮನಿರುತ್ತಾರೆ.

ಹಳೇಬೇರು
ನೀರಿಗೆ ಉಪ್ಪು ಹಾಕಿ, ಒಂದೇ ದಿನದಲ್ಲಿ ನಿಲ್ಲುತ್ತೆ. ನಮ್ಮಜ್ಜಿ ಮಾಡುತ್ತಿದ್ದರು.

ಕೊಟ್ಟಿಗೆ ಡಾಕ್ಟರ್
ಅಜ್ಜಿ ಹೇಳಿದ್ದರಲ್ಲಿ ಅರ್ಥ ಇದೆ, ಉಪ್ಪಿನಂಶ ಕಡಿಮೆಯಾದರೆ ಕುಕ್ಕುವುದು ಹೆಚ್ಚುತ್ತದೆ. ಆದರೆ ನೀರಿಗೆ ಕೈಯಳತೆಯಲ್ಲಿ ಹಾಕಬೇಡಿ, ಹೆಚ್ಚಾದರೆ ಮರಿಗಳು ಸಾಯುತ್ತವೆ. 10 ಕೆ.ಜಿ. ಆಹಾರಕ್ಕೆ 30 ಗ್ರಾಂ ಬೆರೆಸಿ, ಅಷ್ಟೇ ಸಾಕು.

ಆಹಾರ ಮನೆಯಲ್ಲೇ ಮಾಡುವುದಾದರೆ 10 ಕೆ.ಜಿ.ಗೆ ಐದು ಕೆ.ಜಿ. ಮೆಕ್ಕೆಜೋಳದ ನುಚ್ಚು, ಒಂದು ಕೆ.ಜಿ. ರಾಗಿ, ಎರಡೂವರೆ ಕೆ.ಜಿ. ಶೇಂಗಾ ಹಿಂಡಿ ಇಲ್ಲವೇ ಸೋಯಾ ಹಿಂಡಿ, ಒಂದೂವರೆ ಕೆ.ಜಿ. ತೌಡು. ಪ್ರೋಟೀನ್ 17% ಆಸುಪಾಸು ಬರುತ್ತದೆ. ಶೇಂಗಾ ಹಿಂಡಿ ಬೂಷ್ಟು ಹಿಡಿದಿದ್ದರೆ ಬೇಡವೇ ಬೇಡ, ಅದು ವಿಷ. ಪುಕ್ಕಕ್ಕೆ ಬೇಕಾದ ಮೆಥಿಯೊನಿನ್ ಅನ್ನುವ ಪ್ರೋಟೀನ್ ಅಂಶ ಹಿಂಡಿಯಲ್ಲಿ ಕಡಿಮೆ, ಅದಕ್ಕೆ ಕಡಲಮನೆಯವರು ಹೇಳಿದ ಮೀನಿನ ಪುಡಿ ಒಳ್ಳೆಯದು. ಜೊತೆಗೆ ಖನಿಜ ಮಿಶ್ರಣ ಇರಲಿ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿಡಿ, ಮೊಟ್ಟೆ ಇಡುವವು ಬೇಕಾದಷ್ಟು ತಿನ್ನುತ್ತವೆ. ಮರಿಗಳಿಗೆ ಅದು ಬೇಡ. ಇಷ್ಟೆಲ್ಲ ಆಗದು ಅಂದರೆ ಅಂಗಡಿಯ ಲೇಯರ್ ಮ್ಯಾಶ್ (ಮೊಟ್ಟೆ ಕೋಳಿಯ ಪುಡಿ ಆಹಾರ) ತನ್ನಿ. ಉಂಡೆ ಆಹಾರಕ್ಕಿಂತ ಪುಡಿ ಆಹಾರವೇ ವಾಸಿ, ತಿನ್ನಲು ಹೊತ್ತು ಹಿಡಿಯುತ್ತದೆ.

ಸೋಗೆಮನೆ
ಗೆದ್ದಲು ಮರೆತಿರಿ ಡಾಕ್ಟ್ರೇ! ಹಳೇ ಮಡಕೆಗೆ ಒಣ ಸಗಣಿ, ಹರಕು ಗೋಣಿ, ಹುಲ್ಲು ತುಂಬಿ ನೀರು ಚಿಮುಕಿಸಿ, ಗೆದ್ದಲು ಇರುವ ಕಡೆ ಬೋರಲು ಹಾಕಿ. ಮಾರನೇ ದಿನ ಎತ್ತಿ ಕೊಡವಿದರೆ ಬಿಳೀ ಗೆದ್ದಲು ಸುರಿಯುತ್ತವೆ. ದುಡ್ಡಿಲ್ಲದ ಪ್ರೋಟೀನ್.

ಹಿತ್ತಲಬಾಗಿಲು
ಇದು ನನ್ನ ಅತ್ತೆಗೂ ಗೊತ್ತಂತೆ! ನಾಳೆ ಅವರೇ ಮಡಕೆ ಇಡುತ್ತಾರಂತೆ. ಆದರೆ ಬಲ್ಬ್ ತೆಗೆದರೆ ಮುಂಗುಸಿ?

ಕಡಲಮನೆ
ಮುಂಗುಸಿಗೆ ಬಲ್ಬ್ ಯಾವ ಲೆಕ್ಕ? ಅದು ಹಗಲು ಬೆಳಕಲ್ಲೇ ಬಂದು ಹಿಡಿಯುತ್ತದೆ. ರಾತ್ರಿ ಬರುವುದು ಕಾಡುಬೆಕ್ಕು. ಎರಡಕ್ಕೂ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ಶೇ (ಬೆಸೆದ ಗಟ್ಟಿ ತಂತಿ ಬಲೆ) ಮದ್ದು. ತೆಳು ಕೋಳಿ ಬಲೆಯನ್ನು ಹರಿದು ಒಳಗೆ ಬರುತ್ತವೆ. ಬುಡದಲ್ಲಿ ಒಂದು ಅಡಿ ಮಣ್ಣೊಳಗೆ ಹೂತು ಹಾಕಿ.

ಕೊಟ್ಟಿಗೆ ಡಾಕ್ಟರ್
ಬಲ್ಬ್ ತೆಗೆಯಲೇಬೇಕು. ಹಗಲು ಬೆಳಕೂ ಸೇರಿ 14ರಿಂದ 16 ಗಂಟೆ ಬೆಳಕು ಸಾಕು, ಉಳಿದದ್ದು ಕತ್ತಲು. ನಿದ್ದೆ ಇಲ್ಲದ ಕೋಳಿ ಸಿಡುಕುತ್ತದೆ. ಮೊಟ್ಟೆ ಇಡುವ ಜಾಗವೂ ಕತ್ತಲಿರಲಿ. ಮೊಟ್ಟೆ ಇಟ್ಟ ತಕ್ಷಣ ಗುದದ ಒಳಪೊರೆ ಒಂದು ಗಳಿಗೆ ಹೊರಗೆ ಕೆಂಪಗೆ ಹೊಳೆಯುತ್ತದೆ, ಬೆಳಕಿದ್ದರೆ ಪಕ್ಕದ್ದು ಅಲ್ಲಿಗೇ ಕುಕ್ಕುತ್ತದೆ. ನಾಲ್ಕೈದು ಹೇಟೆಗೆ ಒಂದು ಪೆಟ್ಟಿಗೆ ಇಡಿ, ಮುಂದೆ ಗೋಣಿ ಪರದೆ ಕಟ್ಟಿ.

ಇನ್ನು ಜಾಗ. ನಿಮ್ಮ ಗೂಡು 30 ಚದರ ಅಡಿ, ಒಂದು ಕೋಳಿಗೆ ಎರಡು ಅಡಿ ಆಯಿತು. ರಾತ್ರಿ ಮಲಗಲು ಸಾಕು. ಹಗಲು ಕಳೆಯಲು ಸಾಲದು. ಗೂಡಿಗೆ ಅಂಟಿಸಿ 12 ಅಡಿ, 10 ಅಡಿ ಬಲೆಯ ಅಂಗಳ ಮಾಡಿ. ಕೋಳಿಗೆ ಎಂಟು ಚದರ ಅಡಿ ಮೇಲೇ ಸಿಗುತ್ತದೆ, ಪಕ್ಕದವರ ಸೊಪ್ಪೂ ಉಳಿಯುತ್ತದೆ.

ಬೆಳವಲದ ಗಾಳಿ
ಆ ಅಂಗಳದ ಒಂದು ಮೂಲೆಗೆ ಒಲೆ ಬೂದಿ, ಮರಳು ಕಲಸಿ ಹಾಕಿರಿ. ಹೊರಳಾಡಲು ಅವಕ್ಕೆ ಅದು ಬೇಕೇ ಬೇಕು. ಇನ್ನೊಂದು ಕಡೆ ಅಡ್ಡಡ್ಡ ಹಲಗೆ, ಕೊಂಬೆ ನಿಲ್ಲಿಸಿ. ಬಡಪಾಯಿ ಕೋಳಿಗೆ ಕಣ್ತಪ್ಪಿಸಿ ನಿಲ್ಲಲು ಮರೆ ಬೇಕು. ಮೂಲೆಗೆ ಸಿಕ್ಕಿಹಾಕಿಕೊಳ್ಳುವಂತೆ ಮಾತ್ರ ಇರಬಾರದು, ಎರಡೂ ಕಡೆ ದಾರಿ ಇರಲಿ. ಕಾಳಿನ ಬಟ್ಟಲು, ನೀರು ಎರಡೆರಡು ಕಡೆ ಇಡಿ. ಒಂದು ದಾದಾ ಎರಡು ಕಡೆ ಕಾವಲು ಕಾಯಲಾರದು.

ಹಳೇಬೇರು
ಕೂರುವ ಕೋಲು ಎಲ್ಲ ಒಂದೇ ಎತ್ತರಕ್ಕೆ ಕಟ್ಟಿದರೆ ರಾತ್ರಿ ಜಗಳ ಕಡಿಮೆ.

ಹಿತ್ತಲಬಾಗಿಲು
ಎಲ್ಲರಿಗೂ ಧನ್ಯವಾದ. ತಡವಾಗಿ ಬರೆಯುತ್ತಿದ್ದೇನೆ, ಅಂಗಳ ಕಟ್ಟುವುದರಲ್ಲಿ ಹೊತ್ತು ಹೋಯಿತು. ಪಕ್ಕದವರೇ ಬಂದು ಬಿದಿರು ಕೊಟ್ಟು, ಗುಣಿ ತೋಡಿಕೊಟ್ಟರು. ಬಲ್ಬ್ ತೆಗೆದಿದ್ದೇವೆ. ಆಹಾರ ಬದಲಿಸಿದ್ದೇವೆ. ಬಿಳಿಯ ಬಾಲ ಈಗ ಯಾರೂ ಮುಟ್ಟುತ್ತಿಲ್ಲ, ನೆಲದಲ್ಲಿ ಉದುರಿದ ಪುಕ್ಕ ಹಾಗೇ ಬಿದ್ದಿರುತ್ತವೆ.

ದೊಡ್ಡದನ್ನು ಮೊನ್ನೆ ಬಿಟ್ಟೆವು. ಬಂದ ಕೂಡಲೇ ಹಳೇ ನಾಟಿ ಹೇಟೆಯೊಂದು ಕತ್ತಿನ ಗರಿ ನಿಗುರಿಸಿ ಎದುರು ನಿಂತಿತು. ಎರಡು ಏಟು ಕೊಟ್ಟಿತು, ಇದು ತಲೆ ತಗ್ಗಿಸಿ ಪಕ್ಕಕ್ಕೆ ಸರಿಯಿತು. ಕಪ್ಪಿಯ ಗಾಯ ಒಣಗಿದೆ, ಚಿಕ್ಕ ಚಿಕ್ಕ ಮುಳ್ಳಿನಂಥ ಹೊಸ ಪುಕ್ಕ ಬರುತ್ತಿವೆ. ಈಗ ಬಿಡಬಹುದಾ?

ಕೊಟ್ಟಿಗೆ ಡಾಕ್ಟರ್
ಇನ್ನೂ ಬೇಡ. ಆ ಮುಳ್ಳಿನಂಥ ಪುಕ್ಕದೊಳಗೆ ರಕ್ತ ತುಂಬಿರುತ್ತದೆ, ಒಂದು ಏಟಿಗೆ ಚಿಮ್ಮುತ್ತದೆ, ಮತ್ತೆ ಮೊದಲಿಂದ ಶುರು. ಮೇಲಿನ ಪೊರೆ ಉದುರಿ ಪುಕ್ಕ ಬಿಚ್ಚಿಕೊಂಡ ಮೇಲೆ, ರಾತ್ರಿ ಎಲ್ಲವೂ ಕೂತಾದ ಮೇಲೆ ತಂದು ಕೋಲಿನ ಮೇಲೆ ಕೂರಿಸಿ. ಬೆಳಿಗ್ಗೆ ಬೇಗ ಎದ್ದು ಕಾಳು, ಸೊಪ್ಪು ಚೆಲ್ಲಾಪಿಲ್ಲಿ ಎರಚಿ, ಸ್ವಲ್ಪ ಹೊತ್ತು ಅಲ್ಲೇ ಇರಿ. ತಲೆಗೆ ಒಂದೆರಡು ಏಟು ಬಿದ್ದರೆ ಮಧ್ಯೆ ಹೋಗಬೇಡಿ. ರಕ್ತ ಬಂದರೆ ಮಾತ್ರ ತೆಗೆಯಿರಿ.

ಹಿತ್ತಲಬಾಗಿಲು
ಸರಿ ಡಾಕ್ಟ್ರೇ, ಹಾಗೇ ಮಾಡುತ್ತೇನೆ. ಅವಳು ಹಿಂಡಿನಲ್ಲಿ ಕೊನೆಯವಳಾಗಿಯೇ ಇದ್ದರೂ ಚಿಂತೆಯಿಲ್ಲ, ಹೊಟ್ಟೆ ತುಂಬಾ ತಿಂದರೆ ಸಾಕು.

ಗಿರಿರಾಜ ಅಭಿಮಾನಿ
ಅಕ್ಕಾ, ಅಂಗಳದ ಮೇಲ್ಭಾಗಕ್ಕೆ ಏನು ಹಾಕಿದ್ದೀರಾ? ನಮ್ಮಲ್ಲಿ ಹದ್ದಿನ ಕಾಟ ಜಾಸ್ತಿ.

ಹಿತ್ತಲಬಾಗಿಲು
ಹಳೇ ಮೀನಿನ ಬಲೆ. ಕೆ.ಆರ್.ಎಸ್. ಹಿನ್ನೀರಿನ ಕಡೆ ಮೀನು ಹಿಡಿಯುವ ಪರಿಚಯದವರು ಕೊಟ್ಟರು. ನಡುವೆ ಒಂದು ಕಂಬ ಕೊಟ್ಟು ಎತ್ತಿ ಕಟ್ಟಿದ್ದೇವೆ.

ಕಡಲಮನೆ
ಕೆಳಗೆ ಜೋತುಬೀಳದ ಹಾಗೆ ಬಿಗಿಯಾಗಿ ಎಳೆದು ಕಟ್ಟಿ, ಇಲ್ಲದಿದ್ದರೆ ಹುಂಜ ಹಾರಿದಾಗ ಜುಟ್ಟು ಸಿಕ್ಕಿಕೊಳ್ಳುತ್ತದೆ.